ಐದು ಕೈ ಎದ್ದರೆ ಮೈಕ್ ಬಂದ್

ಚನ್ನಬಸವ್ವ: ಆ ಕಥಿ ನಡಿಯಂಗಿಲ್ಲಂತ ಮುಂಜಾನಿಂದ ಹೇಳಾಕತ್ತೀನಿ. ಜುಬ್ಬಾ ತಗದಿಡ್ರಿ.

ಈರಬಸಪ್ಪ: ಯಾಕ ನಡಿಯಂಗಿಲ್ಲ? ನನ್ನ ಅಜ್ಜ ಟೆಲಿಗ್ರಾಫ್ ತಂತಿ ಕಡಿದದ್ದು ಸುಳ್ಳೇನು?

ಚನ್ನಬಸವ್ವ: ಖರೇನೇ ಅದ. ಎಲ್ಲಾರಿಗೂ ಗೊತ್ತದ, ಅದೇ ತ್ರಾಸು.

(ಪುಣೆಯ ಹಡಪಸರದ ಒಂದು ಹೌಸಿಂಗ್ ಸೊಸೈಟಿಯ ಮೂರನೆಯ ಮಹಡಿ. ಆಗಸ್ಟ್ ಹದಿನಾಲ್ಕು, ಮಧ್ಯಾಹ್ನ ನಾಲ್ಕು ಗಂಟೆ. ನಾಳೆ ಬೆಳಿಗ್ಗೆ ಧ್ವಜ ಏರಿಸಿದ ಮೇಲೆ ‘ಯಾರಿಗೂ ಗೊತ್ತಿರದ ಸ್ವಾತಂತ್ರ್ಯದ ಕಥೆಗಳು’ ಎಂಬ ಕಾರ್ಯಕ್ರಮ. ಅದಕ್ಕಾಗಿ ನಿವೃತ್ತ ಹೆಡ್ ಕ್ಲರ್ಕ್ ಈರಬಸಪ್ಪನವರು ಇವತ್ತೇ ಜುಬ್ಬಾ ಹಾಕಿ ಕೂತಿದ್ದಾರೆ. ಇಸ್ತ್ರಿ ಕೆಡಬಾರದೆಂದು ಬೆನ್ನು ಸೋಫಾಕ್ಕೆ ತಾಗಿಸಿಲ್ಲ. ಹೆಂಡತಿ ಚನ್ನಬಸವ್ವ ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ. ಹೋದ ವರ್ಷ ಆರು ಮಂದಿ ಒಂದೇ ಕಥೆ ಹೇಳಿ, ತಿಂಡಿಗೆಂದು ಮಾಡಿದ ಅವಲಕ್ಕಿ ಪೋಹೆ ಆರಿಹೋಗಿತ್ತು. ಹಾಗಾಗಿ ಈ ಸಲ ಲಿಫ್ಟಿನೊಳಗೆ ಫಲಕ ಬಿದ್ದಿದೆ: ‘ಕಥೆ ಮೊದಲೇ ಗೊತ್ತಿದ್ದವರು ಕೈ ಎತ್ತಬೇಕು. ಐದು ಕೈ ಎದ್ದರೆ ಮೈಕ್ ಬಂದ್. ವಾದಕ್ಕೆ ಅವಕಾಶವಿಲ್ಲ.’ ಪುಣೆಯಲ್ಲಿ ಒಂದು ಫಲಕ ಯಾರನ್ನೂ ಚುಚ್ಚಲಿಲ್ಲವೆಂದರೆ ಅದನ್ನು ಬರೆದವರು ಪರವೂರಿನವರೆಂದು ತಿಳಿಯಬೇಕು.)

ಈರಬಸಪ್ಪ: ಯಾರಿಗೆ ಗೊತ್ತದ? ಹೆಸರು ಹೇಳು.

ಚನ್ನಬಸವ್ವ: ಹಾಲಿನವನಿಗೆ.

ಈರಬಸಪ್ಪ: ಅವಂಗ ಪ್ರಾಕ್ಟೀಸ್ ಅಂತ ಹೇಳಿದ್ದು.

ಚನ್ನಬಸವ್ವ: ಇಸ್ತ್ರಿಯವನಿಗೆ.

ಈರಬಸಪ್ಪ: ಅವಾ ತಾನಾಗೇ ಕೇಳಿದಾ.

ಚನ್ನಬಸವ್ವ: ‘ಜುಬ್ಬಾ ಯಾವಾಗ ಬೇಕು’ ಅಂತ ಕೇಳಿದಾ.

ಈರಬಸಪ್ಪ: ಯಾವಾಗ ಅಂದ ಮ್ಯಾಲೆ ಯಾಕ ಅಂತನೂ ಹೇಳಬೇಕಲ್ಲ?

ಚನ್ನಬಸವ್ವ: ಹಲ್ಲಿನ ಡಾಕ್ಟರ್ ಭವ್ಯಶ್ರೀಗೆ.

ಈರಬಸಪ್ಪ: ಆಕಿನೇ ಬಾಯಿ ತಗೀರಿ ಅಂದಳು.

ಚನ್ನಬಸವ್ವ: ಸಾಸವಡಕ್ಕ ಹೋಗೂ ಬಸ್ಸಿನ ಕಂಡಕ್ಟರಿಗೆ.

ಈರಬಸಪ್ಪ: ಅವಾ ನಮ್ಮ ಸೊಸೈಟ್ಯಾಗ ಇರಂಗಿಲ್ಲ. ಅವನ ಕೈ ಲೆಕ್ಕಕ್ಕ ಬರಂಗಿಲ್ಲ.

(ಕರೆಗಂಟೆ. ಸೊಸೈಟಿಯ ಸೆಕ್ರೆಟರಿ ಸ್ವಪ್ನಿಲ್ ಬರುತ್ತಾನೆ. ಹುಟ್ಟಿ ಬೆಳೆದದ್ದು ಪುಣೆ, ಮನೆಮಾತು ವಿಜಯಪುರದ್ದು. ಕೈಯಲ್ಲಿ ಒಂದು ಹಾಳೆ.)

ಸ್ವಪ್ನಿಲ್: ಕಾಕಾ, ಯಾದಿ ಫೈನಲ್ ಮಾಡಾಕತ್ತೀವ್ರಿ. ನಿಮ್ಮ ಹೆಸರಿಗೆ ಸ್ವಲ್ಪ ಪ್ರಾಬ್ಲೆಮ್ ಅದ.

ಈರಬಸಪ್ಪ: ಏನೂ ಪ್ರಾಬ್ಲೆಮ್ ಇಲ್ಲ. ಇಲ್ಲೇ ಕೇಳು. (ಎದ್ದು ನಿಂತು, ಗಂಟಲು ಸರಿಮಾಡಿಕೊಂಡು) ಸಾವಿರದ ಒಂಬೈನೂರಾ ನಲವತ್ತೆರಡನೇ ಇಸವಿ. ಆಗಸ್ಟ್ ತಿಂಗಳು. ಜಿಟಿ ಜಿಟಿ ಮಳಿ...

ಸ್ವಪ್ನಿಲ್: ...ನಿಮ್ಮ ಅಜ್ಜ ಅವ್ವಣ್ಣ ಕಂಬ ಏರಿದರು. ಕೈಯಾಗ ಇಕ್ಕಳ, ಎದಿಯಾಗ ಬೆಂಕಿ. ಕಡಿದ ತಂತಿ ಬಾವ್ಯಾಗ ಒಗದರು. ಎಂಟು ತಿಂಗಳ ಜೈಲು. ಬಿಡುಗಡಿ ಆಗಿ ಬಂದಾಗ ಮಾವಿನಕಾಯಿ ಸೀಜನ್.

ಈರಬಸಪ್ಪ: ಮಾವಿನಕಾಯಿ ಸುದ್ದಿ ನಿನಗ ಯಾರು ಹೇಳಿದರು?

ಸ್ವಪ್ನಿಲ್: ವಾಚ್‌ಮನ್ ರೀ. ಅವಾ ‘ಎದಿಯಾಗ ಬೆಂಕಿ’ ಅನ್ನೂಕಿಂತ ಮೊದಲ ಸ್ವಲ್ಪ ತಡೀತಾನ. ಸಿಟ್ಟಾಗಬ್ಯಾಡ್ರಿ ಕಾಕಾ, ನಿಮಗಿಂತ ಛಲೋ ಹೇಳ್ತಾನ.

(ಈರಬಸಪ್ಪನವರು ಕೂತರು. ಈ ಸಲ ಬೆನ್ನು ಸೋಫಾಕ್ಕೆ ತಾಗಿತು. ಇಸ್ತ್ರಿ ಹೋಯಿತು.)

ಈರಬಸಪ್ಪ: ಈ ಸೊಸೈಟಿಗೆ ಬಂದು ಹನ್ನೊಂದು ವರ್ಷ ಆತು. ಇಲ್ಲಿ ಎಲ್ಲಾರ ಮನ್ಯಾಗೂ ಒಬ್ಬ ದೊಡ್ಡ ಹೆಸರಿನ ಅಜ್ಜ ಇದ್ದಾನ. ನಾ ಅಂದ್ರ ಪಾರ್ಕಿಂಗ್ ಜಗಳದವಾ ಅಷ್ಟೇ. ನನ್ನ ಅಜ್ಜನ ಹೆಸರು ಒಂದೇ ಒಂದು ಸಲ ಮೈಕಿನಾಗ ಕೇಳಬೇಕಂತ ಆಸೆ. ಅದೂ ತಪ್ಪೇನು?

(ಚನ್ನಬಸವ್ವ ಬೆಳ್ಳುಳ್ಳಿ ಕೆಳಗಿಟ್ಟರು.)

ಚನ್ನಬಸವ್ವ: ತಪ್ಪಲ್ಲ. ಆದ್ರ ತಂತಿ ಬಾವ್ಯಾಗ ಬಿದ್ದಿಲ್ಲ.

ಈರಬಸಪ್ಪ: ಏನಂದಿ?

ಚನ್ನಬಸವ್ವ: ನಮ್ಮ ಹಿತ್ತಲದಾಗ ಬಿತ್ತು. ಹಳ್ಳದ ಆಚಿ ನಿಮ್ಮೂರು, ಈಚಿ ನಮ್ಮೂರು. ಪೊಲೀಸರು ಬೆನ್ನ ಹತ್ತಿದಾಗ ನಿಮ್ಮ ಅಜ್ಜ ತಂತಿ ಸುರುಳಿ ನಮ್ಮ ಗ್ವಾಡಿ ಮ್ಯಾಲಿಂದ ಒಗದು ಓಡಿದರು.

ಈರಬಸಪ್ಪ: ತಂತಿ ಸಿಗಲಿಲ್ಲ ಅಂದ್ರ ಜೈಲು ಹ್ಯಾಂಗ ಆತು?

ಚನ್ನಬಸವ್ವ: ಇಕ್ಕಳ ಒಗಿಯೂದು ಮರತಿದ್ರು.

ಈರಬಸಪ್ಪ: ಇದನ್ನ ನನಗ ಯಾಕ ಹೇಳಿಲ್ಲ?

ಚನ್ನಬಸವ್ವ: ಮದುವಿ ಆದ ವರ್ಷ ಹೇಳೀನಿ. ನೀವು ಕ್ರಿಕೆಟ್ ನೋಡಾಕತ್ತಿದ್ರಿ. ಲೋಣಾವಳಾಕ್ಕ ಹೋದಾಗ ಹೇಳೀನಿ. ಚಿಕ್ಕಿ ಯಾವ ಅಂಗಡ್ಯಾಗ ತಗೊಳ್ಳೂದಂತ ವಿಚಾರ ಮಾಡಾಕತ್ತಿದ್ರಿ. ಹೋದ ಸಂಕ್ರಾಂತಿಗೂ ಹೇಳೀನಿ. ‘ಹೂಂ ಹೂಂ’ ಅಂದು, ‘ಹಂಗಾರ ಈಗ ನಮ್ಮಜ್ಜಂದು ಕೇಳು’ ಅಂದ್ರಿ.

ಸ್ವಪ್ನಿಲ್: ಕಾಕೂ, ಅಂದ್ರ ಈ ಕಥಿ ಯಾರಿಗೂ ಗೊತ್ತಿಲ್ಲ?

ಚನ್ನಬಸವ್ವ: ಮೂವತ್ತಾರು ವರ್ಷದಿಂದ ಹೇಳಾಕತ್ತೀನಿ. ಯಾರಿಗೂ ಗೊತ್ತಿಲ್ಲ.

(ಸ್ವಪ್ನಿಲ್ ಪೆನ್ನು ತೆಗೆದ.)

ಚನ್ನಬಸವ್ವ: ನಮ್ಮಜ್ಜಿ ಪಾರವ್ವ ಆ ತಂತಿ ನೋಡಿದಳು. ಮನ್ಯಾಗ ಒಂಬತ್ತು ಮಂದಿ, ಅರಿವಿ ಒಣಗಸೂ ಹಗ್ಗ ಹರದು ಎರಡು ದಿನ ಆಗಿತ್ತು. ಬೇವಿನ ಗಿಡದಿಂದ ಕೊಟ್ಟಿಗಿತನಕಾ ತಂತಿ ಬಿಗದಳು. ಸೀರಿ, ಧೋತರ, ದುಪಟಿ, ಎಲ್ಲಾ ಅದರ ಮ್ಯಾಲೆ ಹಾಕಿದಳು.

ಈರಬಸಪ್ಪ: ಸರಕಾರದ ತಂತಿ ಮ್ಯಾಲೆ!

ಚನ್ನಬಸವ್ವ: ಅದರ ಮ್ಯಾಲೆ ಹೆಸರು ಬರದಿರಲಿಲ್ಲ. ಮರುದಿನ ಫೌಜದಾರ ನಾಕು ಮಂದಿ ಪೊಲೀಸರನ್ನ ಕರಕೊಂಡು ಬಂದಾ. ಅಟ್ಟ ಏರಿದರು, ಹಗೇವಿನಾಗ ಇಳಿದು ಕಾಳು ಕೆದರಿದರು. ಮಳ್ಯಾಗ ಪೂರಾ ತೊಯ್ದಿದ್ದರು. ಅಷ್ಟೊತ್ತಿಗೆ ಸ್ವಲ್ಪ ಬಿಸಲು ಬಿತ್ತು. ‘ಸಾಹೇಬ್ರ, ಕೋಟು ಕೊಡ್ರಿ, ಆರಿಸಿ ಕೊಡ್ತೀನಿ’ ಅಂದಳು.

ಸ್ವಪ್ನಿಲ್: ಕೊಟ್ಟನೇನ್ರಿ?

ಚನ್ನಬಸವ್ವ: ಐದೂ ಮಂದಿ ಕೊಟ್ಟರು. ಕೋಟು ಆರೂತನಕಾ ಪಡಸಾಲ್ಯಾಗ ಕೂತು ಬಿಸಿ ರೊಟ್ಟಿ ತಿಂದರು. ‘ಈ ಮನ್ಯಾಗ ತಂತಿ ಇಲ್ಲ’ ಅಂತ ಪಂಚನಾಮಾ ಬರದರು. ಹೋಗೂ ಮುಂದ ಫೌಜದಾರ ‘ಹಗ್ಗ ಭಾಳ ಬಿಗಿ ಕಟ್ಟೀರಿ, ಛಲೋ ಅದ’ ಅಂದಾ.

ಸ್ವಪ್ನಿಲ್: ಅಜ್ಜಿಗೆ ಅಂಜಿಕಿ ಆಗಲಿಲ್ಲೇನ್ರಿ?

ಚನ್ನಬಸವ್ವ: ಆಗಿತ್ತಂತ. ಕೈ ನಡಗೂದು ಕಾಣಬಾರದಂತ ಅವತ್ತು ನಲವತ್ತು ರೊಟ್ಟಿ ಬಡದಳಂತ.

(ಈರಬಸಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ನಿಜವಾಗಿಯೂ ಅವರ ಕಣ್ಣು ತೇವವಾಗಿತ್ತು.)

ಈರಬಸಪ್ಪ: ಇದನ್ನ ಹೇಳಲೇಬೇಕು. ಸ್ವಪ್ನಿಲ್, ನನ್ನ ಹೆಸರು ಹಂಗೇ ಇಡು. ನಾನೇ ಹೇಳ್ತೀನಿ.

(ಚನ್ನಬಸವ್ವ ಗಂಡನ ಮುಖ ನೋಡಿದರು. ಮತ್ತೆ ಬೆಳ್ಳುಳ್ಳಿ ಕೈಗೆತ್ತಿಕೊಂಡರು.)

ಚನ್ನಬಸವ್ವ: ಹೇಳ್ರಿ. ಈಗ ಒಮ್ಮೆ ಹೇಳಿ ತೋರಸ್ರಿ. ಮೂರು ನಿಮಿಷ ಕೊಡ್ತೀನಿ.

ಈರಬಸಪ್ಪ: (ಎದ್ದು) ಸಾವಿರದ ಒಂಬೈನೂರಾ ನಲವತ್ತೆರಡನೇ ಇಸವಿ. ಆಗಸ್ಟ್ ತಿಂಗಳು. ಜಿಟಿ ಜಿಟಿ ಮಳಿ. ನನ್ನ ಅಜ್ಜ ಅವ್ವಣ್ಣ...

(ಮೂರು ನಿಮಿಷ ಮುಗಿದಾಗ ಅವ್ವಣ್ಣ ಇನ್ನೂ ಕಂಬದ ಮೇಲೆಯೇ ಇದ್ದರು. ಸ್ವಪ್ನಿಲ್ ಕೈ ಎತ್ತಿದ್ದ. ಚನ್ನಬಸವ್ವನ ಕೈಯೂ ಬೆಳ್ಳುಳ್ಳಿ ಸಮೇತ ಮೇಲೆದ್ದಿತ್ತು.)

ಸ್ವಪ್ನಿಲ್: ಕಾಕೂ, ನಿಮ್ಮ ಹೆಸರು ಬರಕೋತೀನ್ರಿ.

ಚನ್ನಬಸವ್ವ: ಬರಕೋ.

ಈರಬಸಪ್ಪ: ಮತ್ತ ನನ್ನ ಅಜ್ಜನ ಹೆಸರು?

ಚನ್ನಬಸವ್ವ: ಹೇಳ್ತೀನಿ. ಒಂದು ಸಲ.

ಈರಬಸಪ್ಪ: ಎರಡು ಸಲ ಹೇಳು.

ಚನ್ನಬಸವ್ವ: ತಂತಿ ಕಡಿಯೂ ಮುಂದ ಒಂದು, ಓಡೂ ಮುಂದ ಒಂದು.

ಈರಬಸಪ್ಪ: ಓಡೂದು ಬ್ಯಾಡ.

ಚನ್ನಬಸವ್ವ: ಹಂಗಾರ ಒಂದೇ.

ಈರಬಸಪ್ಪ: (ಯೋಚಿಸಿ) ಓಡಲಿ ಬಿಡು.

(ಸ್ವಪ್ನಿಲ್ ಬರೆದುಕೊಂಡು ಎದ್ದ. ಅಷ್ಟರಲ್ಲಿ ಈರಬಸಪ್ಪನವರೊಳಗಿನ ಹೆಡ್ ಕ್ಲರ್ಕ್ ಎಚ್ಚರವಾದ.)

ಈರಬಸಪ್ಪ: ಆದ್ರ ನಿಯಮ ಅಂದ್ರ ನಿಯಮ. ಈ ಕಥಿ ಈಗ ನನಗೂ ಗೊತ್ತದ. ನಾಳೆ ನಾ ಕೈ ಎತ್ತಬೇಕಾಗತದ.

ಚನ್ನಬಸವ್ವ: ಎತ್ರಿ. ಎತ್ತಿದ ಕೂಡ್ಲೇ ಮೈಕಿನಾಗ ಒಂದೇ ಪ್ರಶ್ನೆ ಕೇಳ್ತೀನಿ. ನಮ್ಮಜ್ಜಿ ಹೆಸರು ಏನು?

(ಈರಬಸಪ್ಪನವರು ಛಾವಣಿ ನೋಡಿದರು. ಫ್ಯಾನು ನೋಡಿದರು. ಕೊನೆಗೆ ಸ್ವಪ್ನಿಲ್‌ನ ಹಾಳೆ ನೋಡಿದರು. ಸ್ವಪ್ನಿಲ್ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ.)

ಈರಬಸಪ್ಪ: ಕೈ ಎತ್ತಂಗಿಲ್ಲ ಬಿಡು. ಆ ಕಥಿ ನನಗ ಗೊತ್ತೇ ಇಲ್ಲ.