ನಮ್ಮನೇಲಿ ಕೊಡೇನೇ ಇಲ್ಲ

ಬೇಂಗ್‌ಹುಯಿಯ ಮಗಳು ಬಿಲಾನಳನ್ನು ನೋಡಲು ಅಂದು ಗಂಡಿನ ಕಡೆಯವರು ಬರುವವರಿದ್ದರು. ಇದು ಆರನೆಯ ಸಂಬಂಧ. ಇದಾದರೂ ಕೂಡಿಬರಲಿ ಎಂಬ ಆತಂಕದಲ್ಲಿ ಅವನು ಬೆಳಗಿನ ಗಂಜಿಯನ್ನೂ ಮುಟ್ಟಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಕಿಮ್‌ತೋ ಒಳಗೆ ಇಣುಕಿದಳು.

“ಅಯ್ಯೋ ಅಣ್ಣಾ! ಹೆಣ್ಣು ನೋಡೋ ದಿನ ನಡುಮನೆ ತುಂಬಾ ಕೊಡೆ ಹರವಿದ್ದೀಯಲ್ಲ! ನಮ್ಮ ಭಾಷೇಲಿ ಕೊಡೆ ಅನ್ನೋ ಮಾತೂ ಅಗಲೋದು ಅನ್ನೋ ಮಾತೂ ಕೇಳೋಕೆ ಒಂದೇ. ಐದು ಸಂಬಂಧ ಯಾಕೆ ಮುರಿದ್ವು ಅಂತ ಈಗ ಗೊತ್ತಾಯ್ತು ಬಿಡು.”

ಬೇಂಗ್‌ಹುಯಿಯ ಕಣ್ಣು ಕೊಡೆಗಳ ರಾಶಿಯತ್ತ ಹೊರಳಿತು. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ತೈವಾನಿನ ಚಾಂಗ್‌ಹುವಾ ಸೀಮೆಯಲ್ಲಿ ಯಾವ ನಡುಮನೆಯೂ ನಡುಮನೆಯಾಗಿ ಉಳಿದಿರಲಿಲ್ಲ. ಕಾರ್ಖಾನೆಯ ಲಾರಿ ಕೊಡೆಯ ಕಡ್ಡಿ, ಬಟ್ಟೆ ಇಳಿಸಿ ಹೋಗುವುದು. ಮನೆಮಂದಿಯೆಲ್ಲ ಊಟದ ಮೇಜಿನ ಮೇಲೇ ಕೊಡೆ ಹೊಲಿದು ಕೊಡುವರು. ಹಡಗು ಅದನ್ನು ಅಮೆರಿಕಕ್ಕೆ ಒಯ್ಯುವುದು. ದೇಶ ಮೇಲೆದ್ದದ್ದೇ ಹೀಗೆ ಎಂದು ರೇಡಿಯೋದವರು ದಿನವೂ ಹೊಗಳುತ್ತಿದ್ದರು. ಓಣಿಯಲ್ಲಿ ಸೂಜಿ ಮುಟ್ಟದ ಮನೆಯೆಂದರೆ ಕಿಮ್‌ತೋಳದೊಂದೇ. ಅವಳಿಗೆ ಊರವರ ಉಸಾಬರಿಯೇ ಕೈತುಂಬ ಕೆಲಸ.

“ಎಲ್ಲಾ ನಮ್ಮನೇಲಿ ತಂದಿಡು. ಖಾಲಿ ಬಿದ್ದಿದೆ,” ಎಂದಳು.

“ಅಪ್ಪಾ, ಇರ್ಲಿ ಬಿಡಿ. ನಮಗೆ ಅನ್ನ ಹಾಕೋ ಕೆಲಸ, ಮುಚ್ಚಿಡೋದು ಯಾಕೆ?” ಎಂದಳು ಬಿಲಾನ್. ಅವಳ ಮಾತು ಕೇಳುವವರು ಯಾರು? ಎಂಟುನೂರು ಕೊಡೆಗಳನ್ನು ಹೊತ್ತು ಬೇಂಗ್‌ಹುಯಿ ಓಣಿಯಲ್ಲಿ ಓಡಾಡಿದ. ನಡುವೆ ಒಂದು ಕಟ್ಟು ಬಿಚ್ಚಿ, ಕೊಡೆಗಳು ಬಾತುಗಳ ಹಿಂಡಿನಂತೆ ಚರಂಡಿಗಿಳಿದವು. ಅಂತೂ ಗಂಡಿನವರು ಬರುವ ಹೊತ್ತಿಗೆ ನಡುಮನೆ ಬಣಬಣ ಎನ್ನುತ್ತಿತ್ತು.

ಗಂಡಿನ ತಾಯಿ ಸಿಹಿ ಚಹಾದ ಬಟ್ಟಲು ಹಿಡಿದು ಸುತ್ತ ನೋಡಿದಳು. “ಮನೇಲಿ ಏನು ಕೆಲಸ ಮಾಡ್ತೀರಿ?”

ಕೊಡೆಯ ಮಾತೇ ತೆಗೆಯಬಾರದಲ್ಲ! “ಏನಿಲ್ಲಮ್ಮ, ಆರಾಮಾಗಿದ್ದೀವಿ,” ಎಂದು ಬೇಂಗ್‌ಹುಯಿ ಹಲ್ಲುಕಿರಿದ.

“ಹುಡುಗಿ?”

“ಅವಳ ಬೆರಳಿಗೆ ಒಂದು ಸೂಜೀನೂ ಚುಚ್ಚಿಲ್ಲ!”

ಬಿಲಾನ್ ಗಾಯದ ಬೆರಳುಗಳನ್ನು ತಟ್ಟೆಯಡಿ ಮರೆಮಾಡಿದಳು. ಗಂಡಿನ ತಾಯಿ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಹೊರಗೆ ಮಳೆ ಹಿಡಿದಿತ್ತು.

“ಒಂದು ಕೊಡೆ ಇದ್ರೆ ಕೊಡಿ.”

“ನಮ್ಮನೇಲಿ ಕೊಡೇನೇ ಇಲ್ಲಮ್ಮ!”

ಆಕೆ ಮಗನ ಕೈಹಿಡಿದು ಪಕ್ಕದ ಮನೆಯ ಸೂರಿಗೆ ಓಡಿದಳು. ಬೇಂಗ್‌ಹುಯಿಯೂ ಹಿಂದೆಯೇ ಓಡಿದ. ಅಲ್ಲಿ ಬಾಗಿಲು ತೆರೆದಿತ್ತು. ಕೊಡೆಗಳ ರಾಶಿಯ ನಡುವೆ, ಕಾಲು ಚಾಚಲೂ ಜಾಗವಿಲ್ಲದೆ, ಕಿಮ್‌ತೋಳ ಮಗಳು ಸಿಯುಹೋಂಗ್ ಮುದುಡಿ ಕುಳಿತಿದ್ದಳು. ನೆಂಟರ ತಲೆ ಕಂಡದ್ದೇ ತಡ, ಕಿಮ್‌ತೋ ಅವಳ ಕೈಗೆ ಸೂಜಿ ತುರುಕಿದಳು.

“ಇಷ್ಟೂ ನೀವೇ ಹೊಲಿದಿದ್ದಾ?” ಗಂಡಿನ ತಾಯಿಯ ಮುಖ ಅರಳಿತು. “ನಮ್ಮ ಮನೆ ಎದ್ದು ನಿಂತಿದ್ದೇ ಕೊಡೆಯಿಂದ, ತಾಯಿ. ಅಗಲೋದು ಗಿಗಲೋದು ಎಲ್ಲ ಅಜ್ಜಿ ಕಾಲದ ಮಾತು. ಹುಡುಗಿ ಹೆಸರೇನು?”

“ಅದು ನಮ್ಮ...” ಎಂದು ಬೇಂಗ್‌ಹುಯಿ ಬಾಗಿಲಲ್ಲಿ ಬಾಯಿ ತೆರೆದ. ಆಕೆ ತಿರುಗಿ ನೋಡಿದಳು. ಮನೆಯಲ್ಲಿ ಕೊಡೆಯೇ ಇಲ್ಲವೆಂದು ಆಗತಾನೆ ಹೇಳಿ ಬಂದವನು ಈಗ ಏನು ಹೇಳಿಯಾನು? ನೆನೆಯುತ್ತಲೇ ಮನೆಗೆ ಮರಳಿದ.

ಮಳೆ ನಿಂತ ಮೇಲೆ ಕಿಮ್‌ತೋ ಕುಣಿಯುತ್ತ ಬಂದಳು.

“ಅಣ್ಣಾ, ನಮ್ಮ ಹುಡುಗಿ ಸಂಬಂಧ ಗಟ್ಟಿಯಾಯ್ತು! ಮದುವೆ ಮುಗಿಯೋವರೆಗೆ ಲಾರಿ ನಮ್ಮನೆ ಮುಂದೇನೇ ನಿಲ್ಲಲಿ. ನೀನೂ ಬಿಲಾನೂ ಅಲ್ಲಿಗೇ ಬಂದು ಹೊಲೀರಿ. ಇವರು ಯಾರು ಅಂತ ಬೀಗರು ಕೇಳಿದ್ರೆ, ಕೆಲಸಕ್ಕೆ ಇಟ್ಕೊಂಡಿದ್ದೀವಿ ಅಂತೀನಿ.”