ಹತ್ತು ವರ್ಷಕ್ಕೆ ಒಂದು ದಿನ ಕಡಿಮೆ

ಆ ದಿನದ ಅವಾಂತರಕ್ಕೆಲ್ಲ ಮೂಲ ಲೈಲ್ ಹ್ರುಸ್ಕಾನ ತಲೆಗೂದಲು. ಜನವರಿಯ ಆ ಮಂಗಳವಾರ ಬೆಳಿಗ್ಗೆ ಏಜೆಂಟನ ಫೋನು ಬಂದಾಗ ಅದು ಕಿವಿ ಮುಚ್ಚಿ ಕೊರಳಿಗಿಳಿದಿತ್ತು. ಅಕ್ಟೋಬರಿನಿಂದ ಒಂದು ತಂಡವೂ ಕರೆಯದ, ಬೇಸ್‌ಬಾಲಿನಲ್ಲಿ ಚೆಂಡೆಸೆಯುವ ಮೂವತ್ತೆಂಟರ ಪಿಚರ್‌ಗೆ ಕ್ಷೌರದ ಗೊಡವೆ ಯಾಕೆಂದು ಅವನು ಸುಮ್ಮನಿದ್ದುಬಿಟ್ಟಿದ್ದ.

"ಮಧ್ಯಾಹ್ನ ಎರಡಕ್ಕೆ ಆಟಗಾರರನ್ನ ಹುಡುಕೋ ಸ್ಕೌಟ್ ಒಬ್ಬ ನಿಮ್ಮೂರಿಗೇ ಬರ್ತಾನೆ. ನಿನ್ನ ಎಸೆತ ನೋಡ್ಬೇಕಂತೆ," ಎಂದ ಏಜೆಂಟ್. "ಯಾವ ತಂಡ ಅಂತ ಮಾತ್ರ ಕೇಳ್ಬೇಡ, ನಂಗೂ ಹೇಳಿಲ್ಲ. ನೀನೂ ಅಷ್ಟೆ, ಬಾಯಿಗೆ ಬೀಗ ಹಾಕ್ಕೋ. ಊರಿಗೆ ಗೊತ್ತಾದ್ರೆ ಪೇಪರಿಗೆ ಗೊತ್ತಾಗುತ್ತೆ. ಪೇಪರಿಗೆ ಗೊತ್ತಾದ್ರೆ ಅವರು ಈ ಕಡೆ ತಲೆ ಹಾಕಲ್ಲ."

ಲೈಲ್‌ನ ಹೆಂಡತಿ ಡಾರ್ಲೀನ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಮೊದಲು ಹೋಗಿ ಕೂದಲು ಕತ್ತರಿಸ್ಕೊಂಡು ಬಾ. ನಿದ್ದೆಯಿಂದ ಎದ್ದ ಕರಡಿ ಥರ ಇದೀಯ. ಕರಡೀನ ಯಾವ ತಂಡದವರು ತಗೋತಾರೆ?"

ಬುದ್ಧಿ ಇದ್ದವನಾಗಿದ್ದರೆ ಅಡುಗೆಮನೆಯ ಕತ್ತರಿಯಲ್ಲೇ ಕೆಲಸ ಮುಗಿಸುತ್ತಿದ್ದ. ಆದರೆ ಈ ಕರೆ ಅವನ ಬುದ್ಧಿಯನ್ನು ಅರ್ಧ ತಿಂದುಹಾಕಿತ್ತು. ಯಾಕೆಂದರೆ ದೊಡ್ಡ ಲೀಗಿನಲ್ಲಿ ಲೈಲ್ ಆಡಿದ್ದು ಒಂಬತ್ತು ವರ್ಷ ಮತ್ತು ನೂರ ಎಪ್ಪತ್ತೊಂದು ದಿನ. ಅಲ್ಲಿನ ಲೆಕ್ಕದಲ್ಲಿ ನೂರ ಎಪ್ಪತ್ತೆರಡು ದಿನಕ್ಕೆ ಒಂದು ವರ್ಷ. ಕಳೆದ ಸಲ ಋತು ಮುಗಿಯಲು ಒಂದೇ ದಿನ ಇರುವಾಗ, ಹೊಸ ಮುಖ ಒಂದಕ್ಕೆ ಜಾಗ ಮಾಡಬೇಕೆಂದು ಅವನ ಕೈಗೆ ಚೀಲ ಕೊಟ್ಟು ಮನೆಗೆ ಕಳಿಸಿದ್ದರು. ಹತ್ತು ವರ್ಷ ಪೂರೈಸಿದವನೆಂದರೆ ಆಟಗಾರರ ನಡುವೆ ಅವನ ನಡಿಗೆಯೇ ಬೇರೆ. ಒಂಬತ್ತು ಚಿಲ್ಲರೆಯವನನ್ನು ಕೇಳುವವರಿಲ್ಲ. ಆ ಒಂದು ದಿನ ಲೈಲ್‌ನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಅದರ ಜೊತೆಗೆ ಇನ್ನೊಂದು ಮುಳ್ಳೂ ಇತ್ತು. ಲೈಲ್ ರಿಲೀಫ್ ಪಿಚರ್, ಅಂದರೆ ಬೇರೆಯವರು ಮೂರು ಗಂಟೆ ಆಡಿ ಹದಗೆಡಿಸಿದ್ದನ್ನು ಕೊನೆಯ ಹತ್ತು ನಿಮಿಷದಲ್ಲಿ ಬಂದು ಸರಿಮಾಡಬೇಕಾದವನು. ಇಪ್ಪತ್ತೆಂಟರ ವಯಸ್ಸಿನಲ್ಲಿ, ವರ್ಷದ ಅಂತಿಮ ಪಂದ್ಯದ ಕೊನೆಯ ಗಳಿಗೆಯಲ್ಲಿ, ಇನ್ನೊಂದೇ ಒಂದು ಎಸೆತ ಸರಿಬಿದ್ದಿದ್ದರೆ ಅವನ ತಂಡ ಚಾಂಪಿಯನ್ ಆಗುತ್ತಿತ್ತು. ಅವನು ಎಸೆದ ಚೆಂಡು ಬಂದು ನಿಂತದ್ದು ಹೆರಾನ್ಸ್ ತಂಡದ ಆಂಬ್ರೋಸ್ ಟಿಲ್ಮನ್ ಎಂಬ ದೈತ್ಯನ ಬ್ಯಾಟಿನ ನಟ್ಟನಡುವೆ. ಅದು ಬೇಲಿ ದಾಟಿ, ಗ್ಯಾಲರಿ ದಾಟಿ, ಬೀದಿಗೆ ಬಿತ್ತು. ಪ್ರತಿ ಅಕ್ಟೋಬರಿನಲ್ಲೂ ಟೀವಿಯವರು ಆ ಹೋಮ್ ರನ್ ತೋರಿಸುತ್ತಾರೆ. ಪ್ರತಿ ಸಲವೂ ಲೈಲ್ ಸೊಂಟಕ್ಕೆ ಕೈಕೊಟ್ಟು ಆಕಾಶ ನೋಡುತ್ತ ನಿಂತಿರುತ್ತಾನೆ.

ನೆಬ್ರಾಸ್ಕಾದ ಡೋಬ್ರಾ ಕ್ರೀಕಿನಲ್ಲಿ ಇರುವುದು ಒಂದೇ ಕ್ಷೌರದ ಅಂಗಡಿ. ಅದರ ಮಾಲೀಕ ಮರ್ಲ್ ಡೊಲೆಝಲ್‌ನ ಕುರ್ಚಿಯಲ್ಲಿ ಕೂತು ಗುಟ್ಟು ಉಳಿಸಿಕೊಂಡವರು ಈವರೆಗೆ ಯಾರೂ ಇಲ್ಲ. ಊರಿನ ಪಾದ್ರಿಯೇ ಒಮ್ಮೆ ಸೋತಿದ್ದರು.

"ಏನಪ್ಪ ಲೈಲ್, ಈಸ್ಟರ್ ಹೊತ್ತಿಗೆ ಬರ್ತೀಯ ಅಂದ್ಕೊಂಡಿದ್ದೆ. ಏನು ವಿಶೇಷ?"

"ಏನಿಲ್ಲ, ಸುಮ್ನೆ."

"ಮಂಗಳವಾರ ಬೆಳಿಗ್ಗೆ ಸುಮ್ನೆ ಯಾರೂ ಕ್ಷೌರ ಮಾಡಿಸ್ಕೊಳಲ್ಲ. ಸಾವೋ, ಮದುವೆಯೋ?"

"ಎರಡೂ ಅಲ್ಲ ಮಾರಾಯ."

"ಹಾಗಾದ್ರೆ ತಂಡ!"

ಮೂಲೆಯಲ್ಲಿ ಕಾಗದದ ಚೀಲ ಕಾಲಮೇಲಿಟ್ಟುಕೊಂಡು ಕಾಫಿ ಕುಡಿಯುತ್ತಿದ್ದ ಪೋಸ್ಟ್‌ಮ್ಯಾನ್ ಡ್ವೇನ್ ಕುಚೆರಾನ ಕಿವಿ ನೆಟ್ಟಗಾಯಿತು. "ಯಾವ ತಂಡ?"

"ತಂಡ ಅಂತ ನಾನು ಹೇಳ್ಲೇ ಇಲ್ವಲ್ಲ!"

"ಅಲ್ಲ ಅಂತಾನೂ ಹೇಳ್ಲಿಲ್ಲ," ಎನ್ನುತ್ತ ಮರ್ಲ್ ಕ್ಷೌರದ ಕತ್ತಿಯನ್ನು ಲೈಲ್‌ನ ಗಂಟಲಿಗೆ ತಂದ. "ನೋಡು, ಈಗ ಸುಳ್ಳು ಹೇಳ್ಬೇಡ. ಸುಳ್ಳು ಕೇಳಿದ್ರೆ ನನ್ನ ಕೈ ನಡುಗುತ್ತೆ."

ಲೈಲ್ ಎಲ್ಲವನ್ನೂ ಕಕ್ಕಿದ. ಒಂದು ಮಾತು ಹೊರಗೆ ಹೋದರೆ ಕೇಳು ಎಂದು ಮರ್ಲ್ ಎದೆ ಮುಟ್ಟಿಕೊಂಡ. ಪಾಪ, ಅವನು ಮಾತಿಗೆ ತಪ್ಪಲಿಲ್ಲ. ತಪ್ಪುವ ಅಗತ್ಯವೇ ಬೀಳಲಿಲ್ಲ, ಡ್ವೇನ್ ಅವತ್ತು ನೂರ ಹನ್ನೆರಡು ಮನೆಗಳಿಗೆ ಕಾಗದ ಹಂಚಬೇಕಿತ್ತು.

ಹೊರಗೆ ಮೊಣಕಾಲುದ್ದ ಹಿಮ. ಎಸೆಯಲು ಇದ್ದದ್ದು ಶಾಲೆಯ ಆಟದ ಹಾಲ್ ಒಂದೇ, ಅದರ ಬೀಗದ ಕೈ ಇದ್ದದ್ದು ಆಗ್ನೆಸ್ ಪಾಸ್ಪಿಶಿಲ್ ಬಳಿ. ಊರಿಗೆಲ್ಲ ಆಕೆ ತೇತಾ, ಅಂದರೆ ಅತ್ತೆ. ಎಪ್ಪತ್ತಾರಾದರೂ ಧ್ವನಿ ಮಾತ್ರ ಅಗ್ನಿಶಾಮಕ ದಳದ ಗಂಟೆ. ಲೈಲ್ ಹೋದಾಗ ಆಕೆ ಅದೇ ದಳದ ಸಹಾಯಾರ್ಥ ನಡೆಯಲಿದ್ದ ಸೂಪ್ ಊಟಕ್ಕೆಂದು ಹಾಲ್ ತುಂಬ ಮೇಜು ಹಾಕಿಸುತ್ತಿದ್ದಳು.

"ತೇತಾ, ಎರಡು ಗಂಟೆಗೆ ಒಂದರ್ಧ ಗಂಟೆ ಹಾಲ್ ಬೇಕಿತ್ತು. ಯಾಕೆ ಅಂತ ಕೇಳ್ಬೇಡಿ."

"ಕೇಳೋದೇನು, ಡ್ವೇನ್ ಹೇಳಿಹೋದ. ಮೇಜು ತೆಗೆಯಲ್ಲ, ಒಂದು ಕಡೆ ಸರಿಸ್ತೀನಿ. ಎಲ್ಲಿ, ಕೈ ಕೊಡು." ಅವನು ಬೇಡವೆನ್ನುವ ಮೊದಲೇ ಆಕೆ ಅವನು ಚೆಂಡೆಸೆಯುವ ಎಡತೋಳಿಗೆ ಎಂಥದೋ ಹಳದಿ ಮುಲಾಮು ತಿಕ್ಕತೊಡಗಿದಳು. "ನನ್ನ ಗಂಡ ಕುದುರೆ ಕಾಲಿಗೆ ಹಚ್ತಿದ್ದ. ಕುಂಟು ಕುದುರೆ ಬೇಲಿ ಹಾರ್ತಿತ್ತು."

"ನನ್ನ ತೋಳು ಕುಂಟಿಲ್ಲ ತೇತಾ!"

"ಕುಂಟೋ ಅಲ್ವೋ ಟೀವೀಲಿ ನೋಡಿದೀವಲ್ಲ," ಎಂದು ಆಕೆ ಇನ್ನೊಂದು ಹಿಡಿ ಮುಲಾಮು ಮೆತ್ತಿದಳು.

ಎರಡು ಗಂಟೆಗೆ ಗೇಲೆನ್ ಪ್ರೂಯಿಟ್ ಎಂಬ ಸ್ಕೌಟ್ ಯಾವ ಗುರುತೂ ಇಲ್ಲದ ಬೂದು ಕೋಟು ತೊಟ್ಟು, ಯಾರಿಗೂ ಕಾಣಿಸದಂತೆ ಹಿಂದಿನ ಬಾಗಿಲಿನಿಂದ ಒಳಬಂದ. ಒಳಗೆ ತೊಂಬತ್ತು ಜನ ಸೂಪಿನ ಬಟ್ಟಲು ಹಿಡಿದು ಎದ್ದುನಿಂತು ಚಪ್ಪಾಳೆ ತಟ್ಟಿದರು. ತೇತಾ ಅವನ ಕೈಗೆ ಗಸಗಸೆಯ ಹೂರಣದ ಕೊಲಾಚ್ ಬನ್ನು ಕೊಟ್ಟಳು. ಪ್ರೂಯಿಟ್ ಹಲ್ಲುನೋವಿನವನಂತೆ ನಕ್ಕು ಲೈಲ್‌ನ ಕಡೆ ನೋಡಿದ. ಲೈಲ್ ಡಾರ್ಲೀನ್ ಕಡೆ ನೋಡಿದ. ಡಾರ್ಲೀನ್ ಮರ್ಲ್‌ನ ಕಡೆ ನೋಡಿದಳು. ಮರ್ಲ್ ಸೂಪಿನ ಕಡೆ ನೋಡಿದ.

ಚೆಂಡು ಹಿಡಿಯಲು ಡ್ವೇನ್ ಗೋಡೆಯ ಬಳಿ ಕುಕ್ಕುರುಗಾಲಲ್ಲಿ ಕೂತ. ಇಪ್ಪತ್ತೈದು ವರ್ಷದ ಕೆಳಗೆ ಶಾಲೆಯ ತಂಡದಲ್ಲಿ ಅವನೇ ಕ್ಯಾಚರ್. ಲೈಲ್ ಹಣೆಯ ಬೆವರು ಒರೆಸಿಕೊಂಡ. ಆ ಕೈಯಲ್ಲಿ ಮುಲಾಮು ಇದ್ದದ್ದು ನೆನಪಾಗುವಷ್ಟರಲ್ಲಿ ಕಣ್ಣಿಗೆ ಬೆಂಕಿ ಬಿದ್ದಿತ್ತು. ಕುರುಡುಗಣ್ಣಲ್ಲಿ ಬಿಟ್ಟ ಮೊದಲ ಚೆಂಡು ನೇರ ಹೋಗಿ ಬಟಾಣಿ ಸೂಪಿನ ಹಂಡೆಯಲ್ಲಿ ಮುಳುಗಿತು. ಮುಂದಿನ ಸಾಲಿನ ಆರು ಜನ ಹಸಿರಾದರು.

ಆಶ್ಚರ್ಯವೆಂದರೆ ಪ್ರೂಯಿಟ್‌ನ ಮುಖ ಅರಳಿತು. "ಪರವಾಗಿಲ್ಲ, ಪರವಾಗಿಲ್ಲ," ಎಂದು ಅವನು ಪುಸ್ತಕದಲ್ಲಿ ಬರೆದುಕೊಂಡ.

ಅಷ್ಟರಲ್ಲಿ ಕುದುರೆಯ ಮುಲಾಮು ತೋಳಿನ ಮೂಳೆಗೆ ಇಳಿಯಿತು. ಲೈಲ್‌ಗೆ ಹತ್ತು ವರ್ಷದ ಹಿಂದಿನ ತೋಳು ವಾಪಸು ಬಂದಂತಾಯಿತು. ಪ್ರೂಯಿಟ್‌ನ ಕೈಯಲ್ಲಿದ್ದ ವೇಗಮಾಪಕದಲ್ಲಿ ಗಂಟೆಗೆ ಎಂಬತ್ತೆಂಟು ಮೈಲಿ. ತೊಂಬತ್ತು. ತೊಂಬತ್ತೆರಡು. ಡ್ವೇನ್ ಪ್ರತಿ ಚೆಂಡಿಗೂ "ಅಯ್ಯಮ್ಮಾ" ಎಂದು ಅಂಗೈ ಊದಿಕೊಂಡ. ಜನ ಮೇಜು ಬಡಿದರು. ಪ್ರೂಯಿಟ್ ಮಾತ್ರ ವೇಗ ಏರಿದಷ್ಟೂ ಇಳಿದುಹೋದ. ತೊಂಬತ್ತಮೂರಕ್ಕೆ ಅವನ ಮುಖ ಹರಳೆಣ್ಣೆ ಕುಡಿದಂತಾಗಿತ್ತು. ಅವನು ಪುಸ್ತಕ ಮುಚ್ಚಿ ಲೈಲ್‌ನನ್ನೂ ಡಾರ್ಲೀನ್‌ಳನ್ನೂ ಮೂಲೆಗೆ ಕರೆದ.

"ನಾನು ಹೆರಾನ್ಸ್ ಕಡೆಯವನು," ಎಂದ ಮೆಲ್ಲಗೆ.

ಟಿಲ್ಮನ್‌ನ ತಂಡ! ಲೈಲ್ ಒಂದು ಹೆಜ್ಜೆ ಹಿಂದೆ ಸರಿದ.

"ಆ ಹೋಮ್ ರನ್‌ಗೆ ಈ ವರ್ಷ ಹತ್ತು ತುಂಬುತ್ತೆ ಸಾರ್. ಏಪ್ರಿಲ್‌ನಲ್ಲಿ ಮೊದಲನೇ ಆಟದ ದಿನ ದೊಡ್ಡ ಸಮಾರಂಭ ಇಟ್ಟಿದೀವಿ. ಟಿಲ್ಮನ್ ಬರ್ತಾರೆ. ನೀವು ಎಸೀಬೇಕು, ಅವರು ಮತ್ತೆ ಹೊಡೀಬೇಕು. ಅದೇ ಚೆಂಡು, ಅದೇ ಜಾಗ. ಆದ್ರೆ ಅವರಿಗೀಗ ನಲವತ್ತೇಳು, ಎರಡು ಮಂಡೀನೂ ಲೋಹದ್ದು. ತೊಂಬತ್ತಮೂರು ಎಸೆದ್ರೆ ಬೆದರಿ ಬಿದ್ದುಬಿಡ್ತಾರೆ. ನಮಗೆ ಬೇಕಿರೋದು ಹೊಡೆಸ್ಕೊಳೋ ಎಸೆತ."

ಲೈಲ್‌ಗೆ ಅವಮಾನದಿಂದ ಕಿವಿ ಕಾದವು. ಹೋಮ್ ರನ್‌ಗೆ ಹತ್ತು ವರ್ಷ ತುಂಬುತ್ತಿತ್ತು, ಎಸೆದವನಿಗೆ ತುಂಬಿರಲಿಲ್ಲ. ಬಾಗಿಲು ತೋರಿಸಬೇಕೆಂದು ಕೈ ಎತ್ತಿದ.

"ಕಾಂಟ್ರ್ಯಾಕ್ಟ್ ಎಷ್ಟು ದಿನದ್ದು?" ಎಂದು ಡಾರ್ಲೀನ್ ಕೇಳಿದಳು.

"ಒಂದೇ ದಿನ ಮೇಡಂ. ಸಂಜೆ ಆಟಕ್ಕೂ ಹೆಸರು ಪಟ್ಟೀಲಿರುತ್ತೆ. ಬೆಂಚಿನ ಮೇಲೆ ಕೂತಿದ್ರೆ ಸಾಕು."

"ಪಟ್ಟೀಲಿದ್ರೆ ಆ ದಿನ ಲೆಕ್ಕಕ್ಕೆ ಬರುತ್ತಾ?"

"ಬರದೆ ಏನು? ದಿನ ಅಂದ್ರೆ ದಿನ."

ಲೈಲ್‌ನ ಎತ್ತಿದ ಕೈ ಮೆಲ್ಲಗೆ ಇಳಿದು ಪ್ರೂಯಿಟ್‌ನ ಹೆಗಲ ಮೇಲೆ ಕೂತಿತು. "ಎಲ್ಲಿ ಬೇಕು ಹೇಳಿ ಸಾರ್, ಸೊಂಟದೆತ್ತರಕ್ಕೋ, ಸ್ವಲ್ಪ ಮೇಲಕ್ಕೋ?" ಸಮಾರಂಭದ ದಿನ ಎಲ್ಲರೆದುರು ಮಾನ ಹೋಗಲಿ, ಹತ್ತು ವರ್ಷ ಬರಲಿ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಡಾರ್ಲೀನ್ ಅವನ ಬೆನ್ನು ಸವರಿದಳು. ಅವಳ ಕಣ್ಣು ತುಂಬಿತ್ತು.

ಅಂಥ ಎಸೆತವನ್ನು ಈಗಲೇ ನೋಡಬೇಕೆಂದ ಪ್ರೂಯಿಟ್. ಆ ಪರೀಕ್ಷೆಗೆ ಬ್ಯಾಟು ಹಿಡಿಯುವವರು ಯಾರೆಂದಾಗ ಮರ್ಲ್ ತಾನೇ ಮುಂದೆ ಬಂದ. "ಇವನು ಹೊಡೆದ್ರೆ ಟಿಲ್ಮನ್ನೂ ಹೊಡೀತಾರೆ," ಎಂದ ಪ್ರೂಯಿಟ್, ಬಗ್ಗಿದರೆ ಏದುಸಿರು ಬಿಡುವ ಮರ್ಲ್‌ನನ್ನು ಅಳೆಯುತ್ತ. "ಹತ್ತು ಚೆಂಡು. ಒಂದನ್ನ ಹೊಡೆದ್ರೂ ಸಾಕು."

ಲೈಲ್ ನಿಧಾನಕ್ಕೆ, ನೇರಕ್ಕೆ, ಮಗುವಿಗೆ ತುತ್ತು ಕೊಡುವಷ್ಟು ಮೃದುವಾಗಿ ಎಸೆದ. ಆದರೆ ಹತ್ತು ವರ್ಷಗಳಿಂದ ಅವನ ತೋಳು ಒಂದೇ ಜಪ ಮಾಡುತ್ತಿತ್ತು: ನಡುವೆ ಬೇಡ, ನಡುವೆ ಬೇಡ. ಚೆಂಡು ಬ್ಯಾಟಿನ ಹತ್ತಿರ ಬಂದು, ಏನೋ ನೆನಪಾದಂತೆ ಪಕ್ಕಕ್ಕೆ ಹೊರಳಿ ಕೆಳಗಿಳಿಯಿತು. ಮರ್ಲ್ ಬೀಸಿ ಒಂದು ಸುತ್ತು ತಿರುಗಿದ.

"ಏನೋ ಇದು, ಸರಿಯಾಗಿ ಎಸಿಯೋ!"

"ಸರಿಯಾಗೇ ಎಸೀತಿದೀನಿ ಮಾರಾಯ, ಕಣ್ಣು ಬಿಟ್ಕೊಂಡು ಹೊಡಿ!"

ಎರಡನೆಯದು ಹಾಗೇ. ಮೂರನೆಯದು ಇನ್ನೂ ಚೆಂದ. "ನಡುವೆ ಹಾಕು ಲೈಲ್!" ಎಂದು ತೊಂಬತ್ತು ಜನ ಕೂಗಿದರು. "ಹಿಂದೆ ಹಾಕಿದ್ಯಲ್ಲ, ಹಾಗೇ!" ಎಂದು ತೇತಾ ಸೌಟು ಬೀಸಿ ಹುರಿದುಂಬಿಸಿದಳು. ಏಳನೆಯ ಚೆಂಡಿಗೆ ಮರ್ಲ್ ತಿರುಗಿ ತಿರುಗಿ ಮೇಜಿನಡಿ ಸೇರಿದ. ಅವನನ್ನು ಎಳೆದು ನಿಲ್ಲಿಸಿದರು. ಎಂಟು, ಒಂಬತ್ತು. ಹತ್ತನೆಯ ಚೆಂಡನ್ನು ಲೈಲ್ ದೇವರ ಹೆಸರು ಹೇಳಿ ಬಿಟ್ಟ. ಅವನ ಜೀವಮಾನದಲ್ಲೇ ಅಷ್ಟು ಅಂದವಾಗಿ ತಿರುಗಿದ ಎಸೆತ ಮತ್ತೊಂದಿರಲಿಲ್ಲ. ಮರ್ಲ್‌ನ ಬ್ಯಾಟಿಗೆ ಗಾಳಿ ಮಾತ್ರ ಸಿಕ್ಕಿತು.

ಪ್ರೂಯಿಟ್ ಕೋಟಿನ ಗುಂಡಿ ಹಾಕಿಕೊಂಡ. "ಅದ್ಭುತ ಕೈ ಸಾರ್ ನಿಮ್ಮದು. ಮೂವತ್ತೆಂಟಕ್ಕೆ ಇಂಥಾ ಕೈ ನಾನು ನೋಡಿಲ್ಲ."

"ಹಾಗಾದ್ರೆ ಇಡೀ ವರ್ಷಕ್ಕೇ ತಗೊಳ್ಳಿ!"

"ಅದಕ್ಕೆ ಹುಡುಗರನ್ನ ಆಗ್ಲೇ ತಗೊಂಡಾಯ್ತು. ಸಮಾರಂಭಕ್ಕೆ ನಾವು ಚೆಂಡೆಸೆಯೋ ಯಂತ್ರಾನೇ ಇಟ್ಕೋತೀವಿ. ಅದು ಹೇಳಿದ ಹಾಗೆ ಕೇಳುತ್ತೆ." ಅವನು ಇನ್ನೊಂದು ಕೊಲಾಚ್ ಎತ್ತಿಕೊಂಡು ನಡೆದ. ಹೊರಗೆ ಕಾರು ಶುರುವಾದ ಸದ್ದು ಕೇಳಿಸಿತು.

ಲೈಲ್‌ಗೆ ಅಳು ಬರುವಂತಿತ್ತು. ಹೊಡೆಸಿಕೊಳ್ಳಬಾರದ ದಿನ ಹೊಡೆಸಿಕೊಂಡ, ಹೊಡೆಸಿಕೊಳ್ಳಲೇಬೇಕಾದ ದಿನ ಅದೂ ಆಗಲಿಲ್ಲ. ಕಾಲ ಬಳಿ ಉರುಳಿಬಂದ ಚೆಂಡನ್ನು ಎತ್ತಿಕೊಂಡ. ಡ್ವೇನ್ ಆಗಲೇ ಕೈಗವಸು ಬಿಚ್ಚಿ ಎದ್ದಿದ್ದ. ಇನ್ನೇನು ಬೇಕಿದೆ ಎಂದು ಬೇಸರದಿಂದ, ಯಾವ ಯೋಚನೆಯೂ ಇಲ್ಲದೆ, ಲೈಲ್ ಚೆಂಡನ್ನು ಗೋಡೆಯ ಕಡೆಗೆ ಒಗೆದ.

ಅದು ತೇಲುತ್ತ ಬಂದು ನೆಟ್ಟಗೆ ನಟ್ಟನಡುವೆ ನಿಂತಿತು. ತಲೆಸುತ್ತು ಇಳಿಯದ ಮರ್ಲ್, ತನ್ನ ಮೇಲೇನೋ ಬರುತ್ತಿದೆಯೆಂದು ಗಾಬರಿಯಾಗಿ, ಕಣ್ಣು ಮುಚ್ಚಿ ಬ್ಯಾಟು ಬೀಸಿದ.

ಠಣ್ಣೆಂದಿತು. ಚೆಂಡು ಮೇಜುಗಳ ಮೇಲೆ, ತೇತಾಳ ತಲೆಯ ಮೇಲೆ ಹಾರಿ, ಸೂರಿನ ಕೆಳಗಿನ ಕಿಟಕಿಯ ಗಾಜು ಒಡೆದು ಹಿಮಕ್ಕೆ ಬಿತ್ತು.

ಹಾಲ್ ಎದ್ದು ಕುಣಿಯಿತು. ಸೂಪಿನ ಬಟ್ಟಲುಗಳ ಸಮೇತ ಇಡೀ ಊರು ಹೊರಗೆ ಓಡಿ, "ಸಾರ್, ನಿಲ್ಲಿ! ಹೊಡೆಸ್ಕೊಂಡ! ಹೊಡೆಸ್ಕೊಂಡ!" ಎಂದು ಕೂಗಿತು. ನೆಬ್ರಾಸ್ಕಾದ ನೆಲ ರೊಟ್ಟಿಹಲಗೆಯಷ್ಟು ಚಪ್ಪಟೆ, ರಸ್ತೆ ನೇರ. ಪ್ರೂಯಿಟ್‌ನ ಕಾರು ಚಿಕ್ಕದಾಗುತ್ತ, ಇನ್ನೂ ಚಿಕ್ಕದಾಗುತ್ತ ಹೋಗುವುದನ್ನು ಅವರು ಹತ್ತು ನಿಮಿಷ ನಿಂತು ನೋಡಿದರು. ಲೈಲ್ ಸೊಂಟಕ್ಕೆ ಕೈಕೊಟ್ಟು ಎಲ್ಲರಿಗಿಂತ ಮುಂದೆ ನಿಂತಿದ್ದ.

ಯಾರೋ ಹಿಮದಲ್ಲಿ ಕೈಯಾಡಿಸಿ ಚೆಂಡನ್ನು ಹುಡುಕಿ ತಂದರು. ಮರ್ಲ್ ಅದನ್ನು ಅಂಗಿಯ ತುದಿಯಿಂದ ಒರೆಸಿ, ನಾಚುತ್ತ, ಡ್ವೇನ್‌ನ ಜೇಬಿನ ಪೆನ್ನಿನೊಡನೆ ಲೈಲ್‌ನ ಮುಂದೆ ಹಿಡಿದ.

"ತಪ್ಪು ತಿಳೀಬೇಡ ಲೈಲ್. ಅಂಗಡೀಲಿ ಗಾಜಿನ ಪೆಟ್ಟಿಗೇಲಿ ಇಡ್ತೀನಿ. ಎಸೆದವರದೂ ಸಹಿ ಇದ್ರೇನೇ ಅದಕ್ಕೊಂದು ಬೆಲೆ ಅಲ್ವಾ?"

ಲೈಲ್ ಡಾರ್ಲೀನ್‌ಳ ಮುಖ ನೋಡಿದ. ಅವನು ಪೆನ್ನಿನ ಮುಚ್ಚಳ ತೆಗೆದು, ಚೆಂಡಿನ ಮೇಲೆ ತನ್ನ ಹೆಸರು ಬರೆದುಕೊಟ್ಟ. ಆ ಚಳಿಗಾಲದಲ್ಲಿ ಲೈಲ್ ಹ್ರುಸ್ಕಾ ಹಾಕಿದ ಸಹಿ ಅದೊಂದೇ.