ಯುಗಕ್ಕೊಂದು ಡ್ರಾಯರ್

ವೆಂಡೆಲಿನ್ ಕ್ನೋಡ್ಲರನ ಊಟದ ಮೇಜು ಯಾವ ಮರದ್ದೆಂಬುದು ಅವನ ಹೆಂಡತಿ ಗುಡ್ರುನ್‌ಗೆ ಮರೆತೇ ಹೋಗಿತ್ತು. ಮೇಜಿನ ತುಂಬ ಆಟಿಕೆ ರೈಲಿನ ಬಿಡಿಭಾಗಗಳು: ಹಳಿ, ಚಕ್ರ, ಎಳ್ಳಿನಷ್ಟು ಸ್ಕ್ರೂ, ಸೊಳ್ಳೆಯ ಅಳತೆಗೆ ಮಾಡಿಸಿದಂಥ ಬೆಂಚು. ಎಲ್ಲವನ್ನೂ ಜೋಡಿಸಿದ್ದರೆ ನೆಕರ್ ನದಿ ದಂಡೆಯ ನಮ್ಮೂರಿನಿಂದ ಚಂದ್ರನವರೆಗೆ ರೈಲು ಬಿಟ್ಟು, ವಾಪಸು ಬರುವಾಗ ಎರಡು ಕಡೆ ಕಾಫಿಗೂ ನಿಲ್ಲಿಸಬಹುದಿತ್ತು.

ಶುಕ್ರವಾರ ಬೆಳಿಗ್ಗೆ ಗುಡ್ರುನ್ ತನ್ನ ಕಾಫಿ ಬಟ್ಟಲಿನ ತಳದಲ್ಲಿ ಒಬ್ಬ ಸ್ಟೇಷನ್ ಮಾಸ್ಟರನನ್ನು ಕಂಡಳು. ಚಮಚದಲ್ಲಿ ಎತ್ತಿ ಗಂಡನ ಮುಂದಿಟ್ಟಳು.

"ನಾಳೆ ಬೆಳಿಗ್ಗೆ ದೊಡ್ಡ ಕಸದ ಗಾಡಿ ಬರತ್ತೆ, ವೆಂಡೆಲಿನ್. ಬೀದಿಯವರೆಲ್ಲ ಸಂಜೆಗೇ ಹಳೇ ಮಂಚ, ಸೋಫಾ ಹೊರಗಿಡ್ತಾರೆ. ನಾನು ಅಕ್ಕನ ಮನೆಯಿಂದ ಬರೋದ್ರೊಳಗೆ ಈ ಮೇಜು ಖಾಲಿಯಾಗಿಲ್ಲ ಅಂದ್ರೆ, ಇದೂ ಹೋಗತ್ತೆ, ಕೆಳಗಿರೋ ನಿನ್ನ ರೈಲೂ ಹೋಗತ್ತೆ."

ಕೆಳಗಿನ ರೈಲೆಂದರೆ ವೆಂಡೆಲಿನನ ಪ್ರಾಣ. ನೆಲಮಾಳಿಗೆಯಲ್ಲಿ ಒಂದು ದೊಡ್ಡ ಹಲಗೆ, ಅದರ ಮೇಲೆ ಬೆಟ್ಟ, ಸುರಂಗ, ಊರು, ಸ್ಟೇಷನ್ನು. ಅಲ್ಲಿ ಓಡುವ ರೈಲು ನಿಜವಾದ ರೈಲಿಗಿಂತ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಪುಟ್ಟ ಪುಟ್ಟ ಡ್ರಾಯರುಗಳ ಕಪಾಟೇನೋ ಮನೆಯಲ್ಲಿತ್ತು. ಯಾವುದನ್ನು ಎಲ್ಲಿಡುವುದೆಂದು ಯೋಚಿಸುತ್ತ ಅವನು ಅದನ್ನು ವರ್ಷಗಟ್ಟಲೆ ಖಾಲಿ ಇಟ್ಟಿದ್ದ. ಈಗ ಒಂದು ಹಿಡಿ ಸ್ಕ್ರೂ ಎತ್ತಿದನೋ ಇಲ್ಲವೋ, ಮೆಟ್ಟಿಲು ಗುಡಿಸುವ ವಾರದ ಸರದಿ ಮಾಡುತ್ತಿದ್ದ ಪಕ್ಕದ ಮನೆಯ ಫ್ರಾವ್ ಬೋಲಿಂಗರ್ ಪೊರಕೆ ಸಮೇತ ಒಳಗೆ ಬಂದಳು.

"ಬಣ್ಣ ನೋಡಿ ಇಡಿ, ಹೆರ್ ಕ್ನೋಡ್ಲರ್. ನಾನು ಗುಂಡಿ ಎಲ್ಲ ಹಾಗೇ ಇಡೋದು."

"ಇದು ಅಂಗಿ ಅಲ್ಲ, ರೈಲು."

"ಅದಕ್ಕೇ ಈ ಗತಿ. ಅಂಗಿ ಆಗಿದ್ರೆ ಒಗೆದಾದ್ರೂ ಇಡ್ತಿದ್ರಿ," ಎಂದವಳೇ ಹಸಿರು ಮರಗಳ ಜೊತೆ ಹಸಿರು ಎಂಜಿನ್ನನ್ನೂ ತುರುಕತೊಡಗಿದಳು.

ಗಾಬರಿಯಾದ ವೆಂಡೆಲಿನ್ ಆಟಿಕೆ ರೈಲು ಸಂಘದ ಅಧ್ಯಕ್ಷ ಒಟ್ಮಾರನಿಗೆ ಫೋನು ಮಾಡಿದ. ಅದೇ ಅವನು ಮಾಡಿದ ತಪ್ಪು. ನಮ್ಮ ರೈಲುಮಂದಿ ಕಾಲವನ್ನು, ಮೊದಲ ಹಬೆ ರೈಲಿನಿಂದ ಇಂದಿನವರೆಗೆ, ಆರು ಯುಗಗಳಾಗಿ ವಿಂಗಡಿಸುತ್ತಾರೆ. ಒಂದನೇ ಯುಗದ ಎಂಜಿನ್ ಪಕ್ಕದಲ್ಲಿ ನಾಲ್ಕನೇ ಯುಗದ ಕಸದ ಬುಟ್ಟಿ ಕಂಡರೆ ಒಟ್ಮಾರನಿಗೆ ಜ್ವರ ಬರುತ್ತದೆ, ಅದೂ ಕುದುರೆಗೆ ಬರುವಂಥ ಜ್ವರ.

ಒಟ್ಮಾರ್ ಬಂದ, ಅಂಗಿಯ ತೋಳು ಮಡಚಿದ. ಮಧ್ಯಾಹ್ನದ ಹೊತ್ತಿಗೆ ಮೇಜು ಕನ್ನಡಿಯಂತಾಯಿತು. ಪೊರಕೆಯವಳೂ ಬಾಯಿ ಮುಚ್ಚಿಕೊಂಡು ಐದನೇ ಯುಗಕ್ಕೆ ಚೀಟಿ ಅಂಟಿಸಿದಳು. ಕೊನೆಗೆ ಉಳಿದದ್ದು ಒಂದು ದೀಪದ ಕಂಬ.

"ಇದು ಎರಡೋ ಮೂರೋ?" ಎಂದ ಒಟ್ಮಾರ್. "ಕೆಳಗೆ ಇಂಥದ್ದೇ ಇದೆಯಲ್ಲ, ಹೋಲಿಸಿ ನೋಡೋಣ."

ನೆಲಮಾಳಿಗೆಯ ದೀಪ ಹಾಕಿದ್ದೇ ತಡ, ಒಟ್ಮಾರ್ ಗೋಡೆ ಹಿಡಿದುಕೊಂಡ.

"ಚಕ್ರವರ್ತಿಯ ಕಾಲದ ಸ್ಟೇಷನ್ನು, ಅದರ ಮುಂದೆ ನಿನ್ನೆ ಮೊನ್ನೆಯ ಬಸ್ಸು. ಏನು ಮಾರಾಯ ಇದು? ಇದನ್ನ ನೋಡಿ ನಾನು ಹೇಗೆ ನಿದ್ದೆ ಮಾಡ್ಲಿ?"

"ನೋಡ್ಬೇಡ, ಮೇಲೆ ಬಾ."

"ಬಸ್ಸೊಂದನ್ನ ತೆಗೀತೀನಿ, ಸುಮ್ಮನಿರು."

ಬಸ್ಸು ಹೋದ ಮೇಲೆ ಬಸ್ ನಿಲ್ದಾಣಕ್ಕೆ ಅರ್ಥವಿಲ್ಲವಾಯಿತು. ನಿಲ್ದಾಣ ಹೋದ ಮೇಲೆ ರಸ್ತೆ, ರಸ್ತೆಯ ಹಿಂದೆ ಸೇತುವೆ, ಸೇತುವೆಯ ಹಿಂದೆ ಹಳಿ. ಒಂದೊಂದೂ ಮೆಟ್ಟಿಲು ಹತ್ತಿ ತನ್ನ ತನ್ನ ಯುಗದ ಡ್ರಾಯರು ಸೇರಿತು. ಬೆಟ್ಟವನ್ನೂ ಹೋಳು ಮಾಡಿ ಕಪಾಟಿನ ತಲೆಯ ಮೇಲಿಟ್ಟರು. ಹಲಗೆಯ ಮೇಲೆ ಉಳಿದದ್ದು ಒಂದು ಹಸು. ಹಸುವಿಗೆ ಯುಗವಿಲ್ಲವೆಂದು ಒಟ್ಮಾರನೇ ಒಪ್ಪಿದ. ಆದರೂ ಫ್ರಾವ್ ಬೋಲಿಂಗರ್ ಅದನ್ನು ಬಿಳಿ ಬಣ್ಣದ್ದೆಂದು ಬೇರೊಂದು ಡ್ರಾಯರಿಗೆ ಸೇರಿಸಿದಳು.

"ನಾಳೆಯಿಂದ ಒಂದೇ ಯುಗ ಇಟ್ಕೊಂಡು ಹೊಸದಾಗಿ ಕಟ್ಟು," ಎಂದು ಒಟ್ಮಾರ್ ಬೆನ್ನು ತಟ್ಟಿ ಹೊರಟ.

ಮೇಜಂತೂ ಉಳಿಯಿತು, ರೈಲೂ ಉಳಿಯಿತು ಎಂಬ ಸಮಾಧಾನದಲ್ಲಿ ವೆಂಡೆಲಿನ್ ಸೋಫಾದ ಮೇಲೆ ಬಿದ್ದವನು, ಕಿಟಕಿಯ ಗಾಜು ಅದುರುವಂತೆ ಗೊರಕೆ ಹೊಡೆದ. ಸಂಜೆ ಎದ್ದಾಗ ಗುಡ್ರುನ್ ಎದುರಿಗೆ ಕೂತಿದ್ದಳು, ಕಣ್ಣು ಒದ್ದೆ. ಮೇಜಿನ ಮೇಲೆ ಸೇಬಿನ ಕೇಕು.

"ಮೇಜು ಖಾಲಿ ಮಾಡು ಅಂದ್ರೆ ನೀನು ರೈಲನ್ನೇ ಬಿಚ್ಚಿಟ್ಟಿದ್ದೀಯ. ನನಗೋಸ್ಕರ. ನಾನು ಅಷ್ಟು ಕೆಟ್ಟವಳಾ?"

"ಅಲ್ಲ ಗುಡ್ರುನ್, ಅದು..."

"ಮಾತಾಡ್ಬೇಡ. ಆ ಖಾಲಿ ಹಲಗೆ ನೋಡಿದಾಗೆಲ್ಲ ನಿನ್ನ ಕರುಳು ಕಿತ್ತು ಬರತ್ತೆ ಅಂತ, ನಾನೂ ಫ್ರಾವ್ ಬೋಲಿಂಗರೂ ಸೇರಿ ಅದನ್ನ ಬೀದಿಗಿಟ್ವಿ."

ವೆಂಡೆಲಿನ್ ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಓಡಿದ. ಬೀದಿಯಲ್ಲಿ ಮುರಿದ ಮಂಚವಿತ್ತು, ಕಿವಿ ಹರಿದ ಸೋಫಾ ಇತ್ತು, ಹಲಗೆಯಿರಲಿಲ್ಲ. ಕಸದ ದಿನದ ಹಿಂದಿನ ಸಂಜೆ ಅರ್ಧ ಊರು ವ್ಯಾನು ತೆಗೆದುಕೊಂಡು ಸುತ್ತುತ್ತದೆ. ಹೊರಗಿಟ್ಟದ್ದು ಎತ್ತಿಕೊಂಡವರದು.

ಒಳಗೆ ಬಂದರೆ ಫೋನು ಬಡಿದುಕೊಳ್ಳುತ್ತಿತ್ತು. ಒಟ್ಮಾರ್.

"ನಿನ್ನ ಬೀದೀಲಿ ಒಳ್ಳೇ ಹಲಗೆ ಸಿಕ್ತು ಮಾರಾಯ. ನನ್ನ ರೈಲಿಗೆ ಹೇಳಿ ಮಾಡಿಸಿದ ಹಾಗಿದೆ."

"ಅದು ನನ್ನ ಹಲಗೆ ಕಣೋ."

"ಬೀದಿಗೆ ಬರೋ ತನಕ ನಿನ್ನದು. ಊರಿನ ಪದ್ಧತಿ ನಾನು ಮುರೀಲಾ? ರೈಲಿನ ಸಹವಾಸ ಬಿಟ್ಟೆಯಂತೆ, ಬೀದೀಲಿ ಸಿಕ್ಕ ಗುಡ್ರುನ್ ಹೇಳಿದ್ಲು. ಪಾಪ. ನಾಳೆ ಬಂದು ಮೂರನೇ ಯುಗ ತಗೊಂಡು ಹೋಗ್ತೀನಿ. ನೀನೇನೂ ಏಳಬೇಡ. ಯಾವುದು ಯಾವ ಡ್ರಾಯರಲ್ಲಿದೆ ಅಂತ ನನಗೇ ಬಾಯಿಪಾಠ ಇದೆ."